ನಾಲಿಗೆಯ ಮಣಿ

"ಬಾಯಿ ತೆಗಿತ್ಯೋ, ಇಲ್ಲ ನಾನೇ ತೆಗಿಸ್ಬೇಕೋ?"

ಅಮ್ಮ ದುರ್ಗಿ ಇಷ್ಟು ಗದರಿದ ಮೇಲೆ ಸುಚಿತಾ ಬಾಯಿ ತೆರೆದಳು. ಊದಿಕೊಂಡ ನಾಲಿಗೆಯ ನಡುವೆ ಉಕ್ಕಿನ ಮಣಿಯೊಂದು ಅರ್ಧ ಹುಗಿದುಹೋಗಿತ್ತು.

"ಇದೆಂತದೆ? ಯಾರು ಚುಚ್ಚಿದ್ರು?"

ಮೊನ್ನೆ ಗೋಕರ್ಣಕ್ಕೆ ಹೋದವಳು ಸ್ವಂತ ದುಡ್ಡು ಕೊಟ್ಟು ಚುಚ್ಚಿಸಿಕೊಂಡು ಬಂದಿದ್ದಳು. ಕುಮಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಮಾತಾಡುವ ಹುಡುಗಿಗೆ ಈಗ ಉಗುಳು ನುಂಗಲೂ ಆಗುತ್ತಿರಲಿಲ್ಲ.

ದುರ್ಗಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ. ಬಾಡ ಊರಿನ ಮೀನುಗಾರರು ತೊರಕೆ ಮೀನಿನ ಬಾಲದ ವಿಷಮುಳ್ಳು ನೆಟ್ಟರೆ ಕಾಲನ್ನು ತಡೆಯುವಷ್ಟು ಬಿಸಿನೀರಲ್ಲಿ ಇಡುತ್ತಾರೆ, ನೋವು ಇಳಿಯುತ್ತದೆ. ಚುಚ್ಚಿದ್ದು ಚುಚ್ಚಿದ್ದೇ ಅಲ್ಲವೇ? ಬಿಸಿ ಉಪ್ಪುನೀರು ಮಾಡಿ ಮಗಳ ಬಾಯಿಗೆ ಹೊಯ್ದು ಹಿಡಿದುಕೊಳ್ಳಲು ಹೇಳಿದಳು. ನಾಲಿಗೆ ಇನ್ನಷ್ಟು ದಪ್ಪವಾಗಿ ಸುಚಿತಾ ಗೊರಗೊರ ಉಸಿರೆಳೆಯತೊಡಗಿದಾಗ ದುರ್ಗಿಯ ಜೀವ ಬಾಯಿಗೆ ಬಂತು. ರಿಕ್ಷಾ ಹಿಡಿದು ಕುಮಟೆಗೆ ಓಡಿದಳು.

"ಬಿಸಿ ಕೊಟ್ಟದ್ದು ಯಾರು?" ಎಂದರು ಹಲ್ಲಿನ ಡಾಕ್ಟರು. "ಊತಕ್ಕೆ ತಂಪು ಬೇಕು. ಮೇಲಾಗಿ ಮಣಿ ಕೂರಿಸಿದ ಈ ಸರಳು ಗಿಡ್ಡ. ಹೊಸದರಲ್ಲಿ ನಾಲಿಗೆ ಊದೇ ಊದ್ತದೆ, ಅದಕ್ಕೇ ಮೊದಲು ಉದ್ದದ್ದು ಹಾಕ್ತಾರೆ."

ಸುಚಿತಾ ಪರ್ಸಿನಿಂದ ಉದ್ದನೆಯ ಸರಳನ್ನು ತೆಗೆದುಕೊಟ್ಟಳು. ಗೋಕರ್ಣದಲ್ಲಿ ಚುಚ್ಚಿದವನು ಹಾಕಿದ್ದು ಅದನ್ನೇ. ಮಾತಾಡುವಾಗ ಅಮ್ಮನಿಗೆ ಕಂಡೀತೆಂದು ಅಲ್ಲೇ ಕೊಂಡಿದ್ದ ಗಿಡ್ಡದ್ದಕ್ಕೆ ದಾರಿಯಲ್ಲಿ ತಾನೇ ಬದಲಿಸಿಕೊಂಡಿದ್ದಳು.

"ತೆಗ್ದೇ ಬಿಡಿ ಡಾಕ್ಟ್ರೆ," ಎಂದಳು ದುರ್ಗಿ.

"ಈಗ ತೆಗೆದ್ರೆ ತೂತು ಮುಚ್ಚಿ ಕೀವು ಒಳಗೇ ಉಳೀತದೆ. ಉದ್ದದ್ದು ಹಾಕ್ತೇನೆ. ಐಸ್ ಚೀಪಲಿ, ಮಾತ್ರೆ ತಪ್ಪಿಸೋದು ಬೇಡ, ಉಂಡ ಮೇಲೆ ತಣ್ಣನೆ ಉಪ್ಪುನೀರಲ್ಲಿ ಮುಕ್ಕಳಿಸಲಿ. ಉಸಿರು ಮತ್ತೆ ಕಟ್ಟಿದ ಹಾಗಾದ್ರೆ ಕಾಯ್ಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ."

ನೋಯಿಸುವುದನ್ನು ಕೀಳದೆ ಇನ್ನೂ ಉದ್ದ ಮಾಡಿ ಕಳಿಸುವ ವೈದ್ಯವನ್ನು ದುರ್ಗಿ ಕಂಡದ್ದು ಇದೇ ಮೊದಲು.

ಸಂಜೆಗೆ ಊತ ತುಸು ತಗ್ಗಿತು. ಜಗಲಿಯಲ್ಲಿ ಆರಿದ ಗಂಜಿ ಉಣಿಸುತ್ತ ದುರ್ಗಿ ಕೇಳಿಯೇಬಿಟ್ಟಳು. "ಮೂಗಾದ್ರೆ, ಕಿವಿಯಾದ್ರೆ ನಾಕು ಜನ ನೋಡ್ತರು. ಬಾಯೊಳಗೆ ಯಾರು ನೋಡೂಕೆ?"

"ಯಾರಿಗೂ ಅಲ್ಲ. ನಂಗೆ," ಎಂದು ಸುಚಿತಾ ತೊದಲಿದಳು.

"ನಿಂಗೆ ಅಂದ್ರೆ ಎಂತ?"

"ನಂಗೆ. ಅಷ್ಟೇ."

ದುರ್ಗಿಗೆ ಸಿಟ್ಟು ಬಂತು. ಹಿಂದೆಯೇ ಏನೋ ಗೊಂದಲ. ತನಗೇ ಅಂತ ತಾನು ಏನು ಮಾಡಿಕೊಂಡಿದ್ದೇನೆ ಎಂದು ಹುಡುಕಿದರೆ ಒಂದೂ ನೆನಪಾಗಲಿಲ್ಲ.

ಅಷ್ಟರಲ್ಲಿ ನೆರೆಮನೆಯ ಹನುಮಕ್ಕ ಅಂಗಳಕ್ಕೆ ಬಂದಳು. "ಎಂತ ಆತೆ ಹುಡುಗಿಗೆ? ರಿಕ್ಷಾದಲ್ಲಿ ಹೋದ್ರಂತೆ."

"ಹಲ್ಲುನೋವು," ಎಂದಳು ದುರ್ಗಿ. ಹನುಮಕ್ಕ ಬಗ್ಗಿ ನೋಡುವ ಮೊದಲೇ ಸರಿದು ಮಗಳಿಗೆ ಅಡ್ಡವಾಗಿ ಕೂತು, ಇನ್ನೊಂದು ಚಮಚ ಗಂಜಿ ತುಂಬಿದಳು.