ಶಿವದೇವತ್ತಿಯ ಹನ್ನೆರಡನೆಯ ಸೋಬಾನ

ಕೊರಳಿನ ಗಡ್ಡೆ ತೆಗೆಸಿದ ಮೇಲೆ ಶಿವದೇವಿಯ ದನಿ ಹೋಯಿತು. ಪೂರ್ತಿ ಹೋಗಲಿಲ್ಲ ಅನ್ನಿ, ಮಂದಿಯನ್ನು ಬೈಯುವಷ್ಟು ಉಳಿಯಿತು. ಹಾಡುವಷ್ಟು ಉಳಿಯಲಿಲ್ಲ. ದಿಲ್‌ಸುಖ್‌ನಗರದ ಆ ಮನೆಯವರಿಗೆ ಇದೇನೂ ಸಣ್ಣ ಸಂಗತಿಯಲ್ಲ. ಲಿಂಗಸುಗೂರಿನಿಂದ ಬಂದು ಹೈದರಾಬಾದಿನಲ್ಲಿ ಬೇರೂರಿದ ಆ ಮನೆತನದಲ್ಲಿ ಯಾವ ಹುಡುಗಿಯ ಮದುವೆಯಾದರೂ, ಮದುವೆಗೆ ಮುಂಚಿನ ಸುರಗಿ ಶಾಸ್ತ್ರದಲ್ಲಿ ಮದುಮಗಳಿಗೆ ನೀರು ಹಾಕುವಾಗ ಹೊಸದೊಂದು ಸೋಬಾನ ಪದ ಆಗಲೇಬೇಕು. ಅದನ್ನು ಶಿವದೇವಿಯೇ ಕಟ್ಟಬೇಕು, ಹೆಂಗಸರ ನಡುವೆ ನಿಂತು ಶಿವದೇವಿಯೇ ಹಾಡಬೇಕು. ನಲವತ್ತು ವರ್ಷದಲ್ಲಿ ಹನ್ನೊಂದು ಹುಡುಗಿಯರಿಗೆ ಹನ್ನೊಂದು ಪದ. ಒಬ್ಬಳದು ಇನ್ನೊಬ್ಬಳಿಗೆ ಹಾಡುವಂತಿಲ್ಲ. “ಒಬ್ಬಾಕಿ ಉಟ್ಟ ಧಾರಿ ಸೀರಿ ಇನ್ನೊಬ್ಬಾಕಿಗೆ ಉಡಿಸ್ತೀರೇನು?” ಎಂದು ಕೇಳುತ್ತಿದ್ದಳು.

ಈಗ ಹನ್ನೆರಡನೆಯವಳ ಸರದಿ. ಶಾಮಲಾ, ಶಿವದೇವಿಯ ತಮ್ಮನ ಮಗಳು. ಸುರಗಿಗೆ ಒಂಬತ್ತು ದಿನ ಉಳಿದಿತ್ತು. ಪದ ಕಟ್ಟಿ ಮುಗಿದಿತ್ತು, ಶಾಮಲಾಳ ತಾಯಿ ಅದರ ಸಾಲುಗಳನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೂ ಇದ್ದಳು. ಆದರೆ ಧಾಟಿ? ಅದು ಮುದುಕಿಯ ತಲೆಯೊಳಗೆ ಕುಳಿತಿತ್ತು. ಹೊರಗೆ ಬಾ ಎಂದರೆ ಬರೀ ಗಾಳಿ ಬರುತ್ತಿತ್ತು.

ಶಾಮಲಾಳ ಅಣ್ಣ ವೈಜನಾಥನಿಗೆ ಈ ಸಂಕಟ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅವನ ಕೆಲಸ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಅದು ಊರಿಗೆ ಊರೇ ಕಂಪ್ಯೂಟರ್ ಹುಚ್ಚು ಹಿಡಿಸಿಕೊಂಡಿದ್ದ ಕಾಲ. ಹೋಗಲು ಒಂದೂವರೆ ತಾಸು, ಬರಲು ಎರಡು ತಾಸು ಬಸ್ಸು. ಆ ಬಸ್ಸಿನಲ್ಲಿ ಅವನ ತಲೆಯೊಳಗೆ ಎಂತೆಂಥ ರಾಗಗಳು ಹುಟ್ಟುತ್ತಿದ್ದವು ಅಂತೀರಿ! ಕೋಠಿಯ ಬಜಾರಿನಲ್ಲಿ ಹಳೆಯದೊಂದು ಪುಟ್ಟ ಕೀಬೋರ್ಡ್ ಕೊಂಡು, ಗೆಳೆಯನಿಂದ ಮನೆಯ ಕಂಪ್ಯೂಟರಿಗೆ ಸಂಗೀತದ ಸಾಫ್ಟ್‌ವೇರ್ ಹಾಕಿಸಿಕೊಂಡು, ಒಂದು ವರ್ಷದಿಂದ ಕೂತಿದ್ದ. ತಲೆಯೊಳಗೆ ಜೀವವಿದ್ದದ್ದು ಸ್ಪೀಕರಿನಿಂದ ಬರುವಾಗ ಹೆಣವಾಗಿರುತ್ತಿತ್ತು. ಒಂದೂ ರಾಗ ಮುಗಿದಿರಲಿಲ್ಲ. ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ, ನಾಚಿಕೆ.

“ವೈಜ್ಯಾ,” ಅಂದಳು ಶಿವದೇವಿ ತನ್ನ ಪಿಸುದನಿಯಲ್ಲಿ, “ನಿನ್ನ ಆ ಪೆಟ್ಟಿಗಿ ಹಾಡ್ತೈತಂತಲ್ಲ?”

“ಹಾಡ್ತೈತಿ ಅತ್ತಿ. ನಾ ಹೇಳಿದ್ದು ಒಂದ್ ಬಿಟ್ಟು ಎಲ್ಲಾ ಹಾಡ್ತೈತಿ.”

“ನೀ ಹೇಳೋದು ಬ್ಯಾಡ. ನಾ ಹೇಳ್ತೀನಿ. ಕುರ್ಚಿ ತಾ.”

ಹೀಗೆ ಶುರುವಾಯಿತು. ಮುದುಕಿ ಕೈಯಲ್ಲೇ ಧಾಟಿ ತೋರಿಸುತ್ತಿದ್ದಳು. ಅಂಗೈ ಮೊಣಕಾಲಿನ ಹತ್ತಿರವಿದ್ದರೆ ತಗ್ಗಿನ ಸ್ವರ, ಎದೆಯ ಹತ್ತಿರ ನಡುವಿನದು, ಮೂಗಿನ ತನಕ ಏರಿದರೆ ಮೇಲಿನದು. ವೈಜನಾಥ ಕೀಬೋರ್ಡಿನ ಒಂದೊಂದೇ ಮನೆ ಒತ್ತುತ್ತಿದ್ದ. ಸರಿಬಂದರೆ ತಲೆ ಆಡಿಸುತ್ತಿದ್ದಳು, ತಪ್ಪಿದರೆ ತಲೆಯ ಮೇಲೆ ಮೊಟಕುತ್ತಿದ್ದಳು. ಎರಡು ಸಂಜೆಯಲ್ಲಿ ಸ್ವರಗಳೆಲ್ಲ ಸಿಕ್ಕವು. ಪರದೆಯ ಮೇಲೆ ಪುಟ್ಟ ಪುಟ್ಟ ಪಟ್ಟಿಗಳಾಗಿ ಸಾಲಾಗಿ ಕೂತವು. ಅವನಿಗೆ ಹಿಗ್ಗೋ ಹಿಗ್ಗು. ಟಿಕ್ ಟಿಕ್ ಎನ್ನುವ ತಾಳ ಜೋಡಿಸಿ, ಮೊದಲ ಟಿಕ್‌ಗೆ ಮೊದಲ ಸ್ವರ ಹೊಂದಿಸಿ, ಹಾಡಿಸಿದ.

ಶಿವದೇವಿ ಕೊನೆಯ ತನಕ ಕೇಳಿದಳು. “ಇದು ನಂದಲ್ಲ,” ಅಂದಳು.

ಅವನು ಕೊಳಲಿನ ದನಿ ಹಾಕಿದ. ಅಲ್ಲ. ಶಹನಾಯಿ ಹಾಕಿದ. ಅಲ್ಲ. ಹಿಂದೆ ಢೋಲಕ್ ಕೂಡಿಸಿದ. “ಇದೇನೋ, ಬ್ಯಾಂಡ್ ಬಾಜಾದವ್ರು ಹಾದಿ ತಪ್ಪಿ ಬಂದಾರೇನು?” ಅಂದಳು. ಸ್ವರಗಳೇ ತಪ್ಪಿರಬೇಕೆಂದು ಅವನು ಅಲ್ಲೊಂದು ಇಲ್ಲೊಂದು ಬದಲಿಸಿದ. ಮುದುಕಿಗೆ ಸಿಟ್ಟು ನೆತ್ತಿಗೇರಿತು. “ಸ್ವರ ಸರಿ ಇದ್ವು, ಅವನ್ನ್ಯಾಕ ಕೆಡಿಸಿದಿ? ಕೋತಿ ತಾ ಕೆಡೋದಲ್ದ ವನಾನೂ ಕೆಡಿಸಿತ್ತಂತ!”

“ಹಂಗಾರ ತಪ್ಪು ಎಲ್ಲೈತಿ ಹೇಳು!”

ಅದು ಅವಳಿಗೂ ಗೊತ್ತಿರಲಿಲ್ಲ. ಜನ್ಮದಲ್ಲಿ ಯಾರಿಗೂ ಪದ ಕಲಿಸಿದವಳಲ್ಲ. ತಾನು ಹಾಡುತ್ತಿದ್ದಳು, ಉಳಿದವರು ಚಪ್ಪಾಳೆ ತಟ್ಟುತ್ತ ಬೆನ್ನು ಹತ್ತುತ್ತಿದ್ದರು. ಆರನೆಯ ದಿನ ಅವಳು ಕುರ್ಚಿ ಬಿಟ್ಟು ಎದ್ದಳು.

“ಬಿಡೋ ತಮ್ಮಾ. ಕೊರಳ ಜೋಡಿ ಪದಾನೂ ಹೋತು. ನನ್ನ ತಲ್ಯಾಗೂ ಈಗ ನಿನ್ನ ಪೆಟ್ಟಿಗಿ ಧಾಟೀನೇ ಕೂತೈತಿ. ನಂದು ಹೆಂಗಿತ್ತೋ ಮರ್ತ್ ಹೊಂಟೈತಿ.”

ವೈಜನಾಥ ಸ್ಪೀಕರ್ ಆರಿಸಿದ. ತನ್ನ ರಾಗಗಳನ್ನು ತಾನು ಕೊಂದುಕೊಂಡಿದ್ದು ಬೇರೆ ಮಾತು. ಅವು ಹೋದರೆ ಅಳುವವರು ಯಾರು? ಅತ್ತೆಯದನ್ನೂ ಕೊಂದನೇ? ಶಾಮಲಾ ಒಳ್ಳೆಯ ಮನಸ್ಸಿನಿಂದಲೇ, “ಅತ್ತಿ, ಸಿನಿಮಾ ಹಾಡಿನ ಸೀಡಿ ಹಚ್ಚಿದ್ರಾತು ಬಿಡು, ನೀ ಮನಸ್ಸಿಗೆ ಹಚ್ಕೋಬ್ಯಾಡ,” ಅಂದಳು. ಶಿವದೇವಿ ಹೂಂ ಅಂದಳು. ಆ ರಾತ್ರಿ ಊಟ ಬೇಡ ಎಂದಳು. ಅವಳು ಊಟ ಬೇಡ ಎಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮರುದಿನ ಭಾನುವಾರ. ಬೆಳಗಿನ ಹೊತ್ತು ವೈಜನಾಥ ಚಹಾಕ್ಕೆಂದು ಅಡುಗೆಮನೆಗೆ ಹೋದ. ಬೀಗರ ಮನೆಗೆ ಕಟ್ಟಿಕೊಡಲು ಜೋಳದ ಗರಿಗರಿ ಕಟಿರೊಟ್ಟಿ ಆಗಬೇಕಿತ್ತು. ಶಿವದೇವಿ ಬಾಗಿಲಿಗೆ ಓರೆಯಾಗಿ ಕೂತು ರೊಟ್ಟಿ ಬಡಿಯುತ್ತಿದ್ದಳು. ತಪ್, ತಪ್, ತಪ್. ತುಟಿ ಆಡುತ್ತಿತ್ತು. ದನಿಯಿಲ್ಲ, ಬರೀ ತುಟಿ. ತನಗೆ ತಾನೇ ಹಾಡಿಕೊಳ್ಳುತ್ತಿದ್ದಳು, ಮರೆಯುವ ಮೊದಲು ಇನ್ನೊಮ್ಮೆ ನೋಡಿಕೊಳ್ಳೋಣ ಅಂತಲೋ ಏನೋ. ವೈಜನಾಥ ಅಲ್ಲೇ ನಿಂತ. ತಪ್ಪು ಹುಡುಕಿಯೇ ಸಂಬಳ ಎಣಿಸುವವನಲ್ಲವೇ, ಕಣ್ಣು ಸುಮ್ಮನಿರಲಿಲ್ಲ. ಸಾಲು ಮುಗಿಯಿತು. ಹೊಸ ಸಾಲು. ಕೈ ಬಿತ್ತು, ತಪ್. ತುಟಿ ಮುಚ್ಚಿಯೇ ಇತ್ತು. ಆಮೇಲೆ ತೆರೆಯಿತು. ಮತ್ತೊಂದು ಸಾಲು, ಮತ್ತೂ ಹಾಗೆಯೇ. ಮೊದಲು ಪೆಟ್ಟು, ಅದರ ಹಿಂದೆ ಪದ.

“ಅಯ್ಯೋ ಶಿವನೇ!” ಅಂದ ಅವನು.

“ಏನೋ? ಕೈ ಸುಟ್ಕೊಂಡ್ಯಾ?”

“ಅತ್ತಿ, ಮೊದಲನೇ ಚಪ್ಪಾಳಿಗೆ ಯಾಕ ಹಾಡಂಗಿಲ್ಲ ನೀ?”

ಅವಳು ಅವನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು. “ಚಪ್ಪಾಳಿ ಬಿದ್ದ ಮ್ಯಾಲ ಪದಾ ಎತ್ಬೇಕಲ್ಲೋ. ಹೆಣ್ಮಕ್ಕಳು ಉಸಿರು ತಗೋಬೇಕೋ ಬ್ಯಾಡೋ?”

ಅವನು ಚಹಾ ಮರೆತು ಓಡಿದ. ಸಾಫ್ಟ್‌ವೇರಿನಲ್ಲಿ ತಾಳದ ಎಣಿಕೆ ಒಂದರಿಂದ ಶುರುವಾಗುತ್ತದೆ, ಹಾಡೂ ಒಂದರಿಂದಲೇ ಶುರುವಾಗಬೇಕೆಂದು ಅವನಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ವರ್ಷಪೂರ್ತಿ ತನ್ನ ರಾಗಗಳನ್ನೂ ಹೀಗೆಯೇ ಮೊದಲ ಟಿಕ್ಕೆಂಬ ಗೋಡೆಗೆ ಒತ್ತಿ ನಿಲ್ಲಿಸಿದ್ದ ಪುಣ್ಯಾತ್ಮ. ಕೆಡಿಸಿದ ಸ್ವರಗಳನ್ನು ಮೊದಲಿನಂತೆ ಮಾಡಿದ. ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಹಿಡಿದು, ಟಿಕ್ ಬಿದ್ದ ಮೇಲೆ ಪದ ಏಳುವಂತೆ, ಅರ್ಧ ಮಾತ್ರೆ ಮುಂದಕ್ಕೆ ಎಳೆದ. ಅಷ್ಟೇ. ಒಂದು ಸ್ವರವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಶಹನಾಯಿ, ಢೋಲಕ್ ತೆಗೆದು ಬರೀ ಕೊಳಲು, ಚಪ್ಪಾಳೆಯ ಸದ್ದು ಇಟ್ಟ. ಹಾಡಿಸಿದ.

ಶಿವದೇವಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಎರಡನೆಯ ಸಾಲಿಗೆ ಅವಳ ಕೈ ತಾನಾಗಿಯೇ ಚೌಕಟ್ಟನ್ನು ತಟ್ಟತೊಡಗಿತು.

“ಹೂಂ,” ಅಂದಳು. “ಇದು ನಂದು.” ಹೇಳಿ ಸುಮ್ಮನಿದ್ದಳೇ? “ಕೊಳಲು ಭಾಳ ಕುಂಯ್ ಅಂತೈತಿ, ಅದನ್ನ ತಗ್ಗಿಸು. ನಿನ್ನವ್ವನ್ನ ಕರಿ, ಎಲ್ಲಾರನ್ನೂ ಕರಿ. ಎರಡ ದಿನ ಐತಿ, ಬಾಯಿಪಾಠ ಆಗ್ಬೇಕು.”

ಎರಡು ದಿನ ಆ ಕಂಪ್ಯೂಟರಿನ ಸುತ್ತ ಹೆಂಗಸರ ಜಾತ್ರೆ. ಕ್ಯಾಲೆಂಡರ್ ಕೈಯಿಂದ ಕೈಗೆ ಓಡಾಡಿ ಹರಿದೇ ಹೋಯಿತು.

ಸುರಗಿಯ ದಿನ ಅಂಗಳದಲ್ಲಿ ನಾಲ್ಕು ಕೊಡ ಇಟ್ಟು ನೂಲು ಸುತ್ತಿದರು. ನಡುವೆ ಅರಿಶಿಣ ಹಚ್ಚಿಕೊಂಡ ಶಾಮಲಾ. ಶಿವದೇವಿ ಅಭ್ಯಾಸದಂತೆ ಹೆಂಗಸರ ನಡುವೆ ಹೋಗಿ ನಿಂತಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ನೆನಪಾಗಿ ಬದಿಗೆ ಸರಿದಳು. ಅವಳಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ವೈಜನಾಥ ಒಂದು ಕುರ್ಚಿ ತಂದು ಬೀಗಿತಿಯರ ಪಕ್ಕದಲ್ಲಿ ಹಾಕಿ, ಭುಜ ಹಿಡಿದು ಕೂಡಿಸಿದ. ಪದದ ಧಾಟಿ ಇಳಿಸಿದ್ದ ಸೀಡಿ ಹಚ್ಚಿದ. ಹದಿನಾಲ್ಕು ಹೆಂಗಸರು ಹಾಡಿದರು. ಅಂಗಳ ತುಂಬಿತು.

ಎರಡನೆಯ ನುಡಿಗೆ ಮುದುಕಿ ಅವನ ಅಂಗಿಯ ತೋಳು ಹಿಡಿದಳು. ಕಣ್ಣು ತುಂಬಿ ಹರಿಯುತ್ತಿದ್ದವು, ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ.

“ವೈಜ್ಯಾ, ನನ್ನ ಪದಾ ಇಷ್ಟು ಛಲೋ ಇರ್ತಾವೇನೋ? ನಲವತ್ತು ವರ್ಸ ನಿಂತು ಹಾಡೀನಿ. ಒಮ್ಮೆರ ಕುಂತು ಕೇಳಿದ್ದಿಲ್ಲ ನೋಡು!”

ಪದ ಮುಗಿಯಿತು. ನೀರು ಆರುತ್ತದೆ, ಮುಂದಿನ ಶಾಸ್ತ್ರವಾಗಲಿ ಎಂದು ಗಂಡಸರು ಅವಸರ ಮಾಡಿದರು.

“ಆರ್ಲಿ,” ಅಂದಳು ಶಿವದೇವಿ. “ಮತ್ತ ಕಾಸ್ರಿ. ಹಚ್ಚೋ ಇನ್ನೊಮ್ಮಿ. ನಾ ಕೇಳ್ಬೇಕು.”