ರಾಜಾಸಾಬನ ಪೊಳ್ಳು ಹಣ್ಣು

“ಮುಳ್ಳಿಗೆ ನೀರು ಹಾಕೋ ಮನುಷ್ಯಾನ್ನ ಈ ಮರಳಿ ಊರಾಗ ನಿನ್ನೊಬ್ಬನ್ನ ನೋಡೀನಿ ನೋಡು, ತಮ್ಮಾ,” ಎಂದಳು ಕಳಕಮ್ಮ, ಹಿತ್ತಲ ಗೋಡೆಯ ಆಚೆಯಿಂದ.

ರಾಜಾಸಾಬ ತಲೆ ಎತ್ತಲಿಲ್ಲ. ಬಚ್ಚಲ ಕುಣಿಯ ನೀರನ್ನು ತಂಬಿಗೆಯಲ್ಲಿ ತೋಡಿ, ಒಂದೊಂದೇ ಬುಡಕ್ಕೆ ಕೂಸಿಗೆ ಹಾಲು ಕುಡಿಸಿದಂತೆ ಹನಿಸುತ್ತಿದ್ದ.

“ಮುಳ್ಳಲ್ಲಕ್ಕಾ. ಹಣ್ಣಿನ ಗಿಡ.”

“ಹಣ್ಣೆಲ್ಲೈತಿ?”

“ಬರತೈತಿ.”

“ಹೋದ ವರ್ಷನೂ ಬರತೈತಿ ಅಂದಿ. ಅದರ ಹಿಂದಿನ ವರ್ಷನೂ ಅಂದಿ. ಕಾಶಿಯಿಂದ ನಡಕೊಂತ ಬರಾಕ ಹತ್ತೈತೇನು?”

ಕಳಕಮ್ಮ ಯಾರನ್ನೂ ಹೊಗಳಿದವಳಲ್ಲ. ಮೊದಲ ಮೊಮ್ಮಗ ಹುಟ್ಟಿದಾಗ ತೊಟ್ಟಿಲೊಳಗೆ ಬಗ್ಗಿ ನೋಡಿ, “ಕಿವಿ ದೊಡ್ಡವು ಅದಾವು” ಎಂದಷ್ಟೇ ಹೇಳಿ ಹೊರಗೆ ಬಂದವಳು. ಹೀಗಾಗಿ ಅವಳ ಮಾತಿಗೆ ಊರಲ್ಲಿ ತೂಕವಿತ್ತು. ರಾಜಾಸಾಬನ ಮಾತಿಗೆ ಇರಲಿಲ್ಲ.

ಅದಕ್ಕೊಂದು ಕಾರಣವೂ ಇತ್ತು. ಹೊಳೆಗೆ ಆಣೆಕಟ್ಟು ಕಟ್ಟಲು ಅಳತೆ ಮಾಡಬಂದಿದ್ದ ಇಂಜಿನಿಯರ ದೊರೆಯ ಬಂಗಲೆಯಲ್ಲಿ ರಾಜಾಸಾಬ ನಾಲ್ಕು ವರ್ಷ ಅಡುಗೆ ಮಾಡಿದ. ಯುದ್ಧ ಜೋರಾಗಿ ದೊರೆ ಬೇರೆ ಕಡೆ ಹೋದಾಗ ಅವನೂ ಊರಿಗೆ ಬಂದು, ಕಾಲುವೆಯ ಮೇಲ್ತುದಿಯಲ್ಲಿದ್ದ ತನ್ನ ಎರಡೆಕರೆ ಗದ್ದೆ ಹಿಡಿದ. ಬಂದ ವಾರವೇ ಊರ ಕಟ್ಟೆಯ ಮೇಲೆ ಕೂತು, ದೊರೆಯ ಅಡುಗೆಮನೆಯಲ್ಲಿ ಒಂದು ಪೆಟ್ಟಿಗೆ ಇತ್ತೆಂದೂ, ಅದರ ಕೆಳಗೆ ಚಿಮಣಿ ಎಣ್ಣೆಯ ದೀಪ ಹಚ್ಚಿಟ್ಟರೆ ಒಳಗಿನ ನೀರು ಗಡ್ಡೆಕಟ್ಟಿ ಕಲ್ಲಾಗುತ್ತಿತ್ತೆಂದೂ ಹೇಳಿದ. ಊರ ಹಿರಿಯ ಅಂದಪ್ಪ ಪೂರ್ತಿ ಕೇಳಿಸಿಕೊಂಡು, “ಕೆಳಗ ಬೆಂಕಿ, ಮ್ಯಾಲ ಕಲ್ಲು,” ಎಂದ. ಅಷ್ಟು ಸಾಕಾಯಿತು.

ಅಂದಿನಿಂದ ರಾಜಾಸಾಬ ಏನು ಹೇಳಿದರೂ ಯಾರಾದರೊಬ್ಬರು ಹೋಗಿ ನೋಡಿ ಬರುವ ಪದ್ಧತಿ ಬಿತ್ತು. ಮೇಲಿನಿಂದ ಕಾಲುವೆಗೆ ನೀರು ಬಿಟ್ಟರೆ ಮೊದಲು ಕಾಣುವುದು ಅವನ ಗದ್ದೆಗೆ. ಓಡಿ ಬಂದು “ನೀರು ಬಂತ್ರಿ” ಎನ್ನುತ್ತಿದ್ದ. ಅಂದಪ್ಪ ಕಟ್ಟೆಯ ಮೇಲೆ ಜೊತೆಗೆ ಕೂತಿರುತ್ತಿದ್ದ ಗೋಣೆಪ್ಪನ ಮುಖ ನೋಡುತ್ತಿದ್ದ. ಗೋಣೆಪ್ಪ ಕಾಲುವೆಯವರೆಗೆ ಹೋಗಿ, ಮೊಣಕಾಲ ತನಕ ತೊಯ್ಸಿಕೊಂಡು ಬಂದು “ಹೌದ್ರಿ” ಎಂದ ಮೇಲೆಯೇ ಉಳಿದವರು ಸಲಿಕೆ ಎತ್ತುವುದು. ಅಷ್ಟೊತ್ತೂ ರಾಜಾಸಾಬ ಒದ್ದೆ ಕಾಲಲ್ಲಿ ಕಟ್ಟೆಯ ಪಕ್ಕ ನಿಂತಿರಬೇಕು. ಅವನ ಕಾಲನ್ನು ಯಾರೂ ನೋಡುತ್ತಿರಲಿಲ್ಲ.

ಗಿಡದ ಕತೆಯೂ ಹಾಗೇ ಆಯಿತು. ದೊರೆಸಾನಿ ಊಟಿಯಿಂದ ತರಿಸಿ ಅಡುಗೆಮನೆಯ ಹಿಂದಿನ ನೆರಳಲ್ಲಿ ಬೆಳೆಸಿದ ರಾಸ್‌ಬೆರಿ ಎಂಬ ಸೀಮೆಹಣ್ಣಿನ ಗಿಡ ಅದು. ಹೊರಡುವಾಗ ಬೇರು ಸಮೇತ ಎರಡು ಗಿಡ ಕಿತ್ತು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಕೊಟ್ಟಿದ್ದಳು. ಊರವರು ‘ರಾಜಾಸಾಬನ ಮುಳ್ಳು’ ಎಂದು ಬೇರೆ ಹೆಸರಿಟ್ಟರು.

“ಹಣ್ಣು ಹೆಂಗಿರತೈತೋ?” ಎಂದು ಅಂದಪ್ಪ ಒಮ್ಮೆ ಕೇಳಿದ್ದ.

“ಕೆಂಪಗ್ರಿ, ಬೆರಳ ತುದಿಯಷ್ಟು. ಸಣ್ಣ ಸಣ್ಣ ಕಾಳು ಕೂಡಿಸಿ ಹೊಲಿದಂಗ. ಕಿತ್ತರ ಒಳಗ ಪೊಳ್ಳು. ಬೆರಳಿಗೆ ಟೊಪ್ಪಿಗಿ ಹಂಗ ಹಾಕ್ಕೋಬಹುದು.”

“ಒಳಗ ತಿರುಳಿಲ್ಲ?”

“ಇಲ್ರಿ.”

“ಮಾವಿನಹಣ್ಣಿನಂಗ ವಾಟಿ?”

“ಅದೂ ಇಲ್ರಿ.”

“ಹಂಗಾರ ಸಿಪ್ಪಿ ತಿನ್ನೂದೇನು?”

“ಸಿಪ್ಪಿನೂ ಇರೂದಿಲ್ರಿ.”

ಅಂದಪ್ಪ ಬೆರಳು ಮಡಚಿ ಎಣಿಸಿ, “ಇಷ್ಟು ಏನೂ ಇಲ್ಲದ್ದು ನನ್ನ ಹಿತ್ತಲದಾಗೂ ಬೆಳದೈತಿ ಬಿಡು,” ಎಂದ.

ಒಂದೇ ಒಂದು ಹಣ್ಣು ಬಂದರೆ ಸಾಕು, ಕಟ್ಟೆಯ ಪಕ್ಕ ನಿಲ್ಲುವುದು ತಪ್ಪುತ್ತದೆ ಎಂದು ರಾಜಾಸಾಬ ನಂಬಿದ್ದ. ಅವನ ಹೆಂಡತಿ ಹಸನಬೀಗೆ ಆ ನಂಬಿಕೆ ಇರಲಿಲ್ಲ. ಬೇವಿನ ನೆರಳು, ಬಚ್ಚಲ ನೀರು, ಗೋಡೆಯ ಆಸರೆ ಎಲ್ಲ ಇದ್ದ ಹಿತ್ತಲ ಆ ಒಂದು ಮೂಲೆಯನ್ನು ಮೂರು ವರ್ಷದಿಂದ ಮುಳ್ಳು ತಿನ್ನುತ್ತಿತ್ತು.

“ಕಾರಹುಣ್ಣಿವಿ ತನಕ ನೋಡತೀನ್ರಿ,” ಎಂದಿದ್ದಳು. “ಅಷ್ಟರಾಗ ಹಣ್ಣು ಬಂದ್ರ ಛಲೋ ಆತು. ಇಲ್ಲಂದ್ರ ಬೇರು ಸಮೇತ ಕಿತ್ತು ಹೀರಿ ಬಳ್ಳಿ ಹಚ್ಚಾಕಿ ನಾನು. ಹೀರಿಕಾಯಿಗೆ ಯಾರೂ ಸಾಕ್ಷಿ ಕೇಳೂದಿಲ್ಲ.”

ರಾಜಾಸಾಬ ಗಿಡಕ್ಕೆ ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದ. ಕುರಿಗೊಬ್ಬರ ಹಾಕುತ್ತಿದ್ದ, ಬಿಸಿಲಿಗೆ ಜೋಳದ ದಂಟಿನ ತಡಿಕೆ ಕಟ್ಟುತ್ತಿದ್ದ. ಮಳೆಗಾಲದಲ್ಲಿ ನೆಲದಿಂದ ಹೊಸ ಕಡ್ಡಿಗಳು ಎದ್ದು ಎದೆಮಟ್ಟ ಬೆಳೆಯುತ್ತಿದ್ದವು. ಚಳಿಗಾಲದಲ್ಲಿ ಎಲೆ ಉದುರಿ, ಬರೀ ಒಣಗಿದ ಮುಳ್ಳಿನ ಕಡ್ಡಿಗಳಾಗಿ ನಿಲ್ಲುತ್ತಿದ್ದವು. ಆಗ ಹೋಳಿ ಬರುತ್ತಿತ್ತು.

ಕಾಮಣ್ಣನ ಬೆಂಕಿಗೆ ಹಿತ್ತಲಲ್ಲಿದ್ದ ಒಣಕಲನ್ನೆಲ್ಲ ಹೊತ್ತೊಯ್ಯುವುದು ವಾಡಿಕೆ. ಅದನ್ನು ಕಳವು ಎನ್ನುವಂತಿಲ್ಲ, ಬೈಯಬಹುದು ಅಷ್ಟೇ. ಈ ಕೆಲಸದ ಮುಂದಾಳು ಗೋಣೆಪ್ಪ. ನಲವತ್ತು ದಾಟಿದ್ದರೂ, ಮೂರು ಮಕ್ಕಳಿದ್ದರೂ, ಈ ಜವಾಬ್ದಾರಿಯನ್ನು ಬೇರೆ ಯಾರೂ ಸರಿಯಾಗಿ ನಿಭಾಯಿಸಲಾರರೆಂದು ಅವನು ಬಿಟ್ಟುಕೊಟ್ಟಿರಲಿಲ್ಲ. ಅವನು ಬಂದು ಬೇರು ಸಮೇತ ಎಳೆಯುವ ಮೊದಲೇ ರಾಜಾಸಾಬ ಕುಡುಗೋಲು ತಂದು ತಾನೇ ಆ ಕಡ್ಡಿಗಳನ್ನು ನೆಲಮಟ್ಟ ಕೊಯ್ದು ಹೊರೆ ಕಟ್ಟಿ ಕೊಡುತ್ತಿದ್ದ. ಕೊಯ್ದ ಬುಡದಿಂದಲೇ ಮತ್ತೆ ಏಳುವ ಕೂಳೆ ಕಬ್ಬು ಹೇಗೋ ಇದೂ ಹಾಗೆ, ಕೊಯ್ದಷ್ಟೂ ಚಿಗುರು ಜೋರು ಎಂಬುದು ಅವನ ಅನುಭವ. ಚಿಗುರು ಜೋರಾಗಿಯೇ ಬರುತ್ತಿತ್ತು.

ಮೂರನೆಯ ಹೋಳಿಗೂ ಹಾಗೇ ಕೊಟ್ಟ. ಹೊರೆ ಎತ್ತುವಾಗ ಗೋಣೆಪ್ಪನಿಗೆ ಕುಡುಗೋಲಿಗೆ ಸಿಗದೆ ಉಳಿದ ಒಂದು ಕಡ್ಡಿ ಗೋಡೆಯ ತೂತಿನಲ್ಲಿ ತೂರಿ ಆಚೆ ಹೋಗಿದ್ದು ಕಂಡಿತು. ಸುತ್ತಿ ಹೋಗಿ ನೋಡಿದರೆ ಕಳಕಮ್ಮ ಸಗಣಿ ಕುಳ್ಳಿನ ಬಣವೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ಹೊಸ ಒನಕೆ.

“ಯವ್ವಾ, ಒಂದು ಮುಳ್ಳುಕಡ್ಡಿ ನಿನ್ನ ಬಣವಿ ಹಿಂದ ಬಂದೈತಿ. ಒಯ್ಯತೀನಿ.”

“ಹೋದ ವರ್ಷ ನನ್ನ ಒನಕಿ ಸುಟ್ಟವ್ರು ಯಾರೋ?”

“ಅದು ಕಾಮಣ್ಣ, ಯವ್ವಾ.”

“ಅವಗ ಹೇಳು. ಈ ಗ್ವಾಡಿ ಈಚಿಗೆ ಮುಳ್ಳಿರ್ಲಿ, ಕಸ ಇರ್ಲಿ, ಒಂದು ಕಡ್ಡಿ ಮುಟ್ಟಿದ್ರ ಈ ಒನಕಿ ಮಾತಾಡತೈತಿ.”

ಗೋಣೆಪ್ಪ ಒನಕೆಯನ್ನೊಮ್ಮೆ ನೋಡಿ ಹೋದ. ಆ ಕಡ್ಡಿ ಅಲ್ಲೇ ಉಳಿಯಿತು. ಅದನ್ನು ಎಲ್ಲರೂ ಮರೆತರು.

ಉಗಾದಿ ಹೋಯಿತು. ಬಿಸಿಲು ಏರಿತು. ರಾಜಾಸಾಬನ ಕಡೆ ಹೊಸ ಚಿಗುರು ಗೇಣುದ್ದ ಬಂದು, ಬಿಸಿಲಿಗೆ ಬಾಡಿ, ತಡಿಕೆ ಕಟ್ಟಿದ ಮೇಲೆ ಚೇತರಿಸಿಕೊಂಡಿತು. ಹೂವಿಲ್ಲ. ಅವನು ದಿನಾ ಬೆಳಿಗ್ಗೆ ಬಗ್ಗಿ ಎಲೆಯ ಅಡಿಯೆಲ್ಲ ಹುಡುಕುತ್ತಿದ್ದ. ಆಚೆಯಿಂದ ಕಳಕಮ್ಮನ ಮಾತು ಬರುವುದು ಮಾತ್ರ ವೈಶಾಖದ ಹೊತ್ತಿಗೆ ನಿಂತಿತ್ತು. ಬೆಳಗಾಗುತ್ತಲೇ ಅವಳು ಬಣವೆಯ ಹಿಂದೆ ಹೋಗಿ, ಸ್ವಲ್ಪ ಹೊತ್ತಿಗೆ ಬಾಯಿ ಒರೆಸಿಕೊಂಡು ಹೊರಗೆ ಬರುತ್ತಿದ್ದಳು. ಹಸನಬೀ ಇದನ್ನು ಕಂಡರೂ, ವಯಸ್ಸಾದವರ ವಿಷಯ ಎಂದು ಸುಮ್ಮನಾದಳು.

ಜ್ಯೇಷ್ಠದ ಕಾರಹುಣ್ಣಿಮೆಯ ದಿನ ಹಸನಬೀ ಗುದ್ದಲಿ ಹಿಡಿದು, ಬೇರು ಗಟ್ಟಿ ಇದ್ದಾವೆಂದು ಗೋಣೆಪ್ಪನನ್ನೂ ಕರೆಸಿದಳು. ರಾಜಾಸಾಬ ಬಚ್ಚಲ ಕಲ್ಲಿನ ಮೇಲೆ ಕೂತ. ಅಡ್ಡ ಬರಲಿಲ್ಲ. ಮಾತು ಕೊಟ್ಟಿದ್ದ.

ಗೋಣೆಪ್ಪ ಎರಡು ಏಟು ಹಾಕಿರಬಹುದು.

“ಗುದ್ದಲಿ ಇಡೋ,” ಎಂದಳು ಕಳಕಮ್ಮ ಆಚೆಯಿಂದ.

“ಯಾಕ ಯವ್ವಾ?”

“ನನ್ನ ಗ್ವಾಡಿ ಸಡ್ಲ ಆಗತೈತಿ.”

“ಗ್ವಾಡಿ ಅಲ್ಲೈತಿ, ನಾ ಇಲ್ಲಿ ಅಗ್ಯಾಕ ಹತ್ತೀನಿ.”

“ಹಿತ್ತಲ ಪೂರಾ ನಡಗತೈತೋ!”

ಈ ಮಾತು ಹೊಸದಾಗಿ ಕೇಳಿಸಿತು. ಮೂರು ವರ್ಷ ಮುಳ್ಳೆಂದು ಬೈದವಳು ಇಂದು ಕಿತ್ತರೆ ಖುಷಿಪಡಬೇಕಿತ್ತು. ರಾಜಾಸಾಬ ಕಲ್ಲಿನ ಮೇಲಿಂದ ಎದ್ದು, ಎದೆಮಟ್ಟದ ಗೋಡೆಗೆ ಒರಗಿ ಬಣವೆಯ ಸಂದಿಯಲ್ಲಿ ಬಗ್ಗಿ ನೋಡಿದ. ತೂತಿನಿಂದ ಹೋದ ಕಡ್ಡಿ ಅಲ್ಲಿ ನೆರಳಲ್ಲಿ, ಕಳಕಮ್ಮ ಚೆಲ್ಲಿದ ಮುಸುರೆ ನೀರು ಕುಡಿದು, ಹಸುರಾಗಿ ಹರಡಿತ್ತು. ಹಣ್ಣು ಒಂದೂ ಇರಲಿಲ್ಲ. ಆದರೆ ತೊಟ್ಟುಗಳ ತುದಿಯಲ್ಲಿ ಬಿಳೀ ಗೂಟಗಳು ಚುಚ್ಚಿಟ್ಟ ಹಾಗೆ ನಿಂತಿದ್ದವು. ಎಣಿಸಿದ. ಹನ್ನೊಂದು.

“ಅಕ್ಕಾ, ಇಲ್ಲಿ ಹಣ್ಣು ಬಂದಿದ್ದವು.”

“ನಾ ನೋಡಿಲ್ಲ. ಇದ್ದರ ಕೋಳಿ ತಿಂದಿರಬೇಕು.”

“ಕೋಳಿ ತಿಂದ್ರ ಗೂಟ ಉಳಿಯೂದಿಲ್ಲಕ್ಕಾ. ಟೊಪ್ಪಿಗಿ ತೆಗದಂಗ ತೆಗದಾರ. ಇದು ಬೆರಳಿನ ಕೆಲಸ.” ಅವಳ ಕಡೆ ತಿರುಗಿ, “ಬಲಗೈ ಯಾಕ ಸೆರಗಿನಾಗ ಐತಿ?” ಎಂದ.

“ನೋವು ಐತಿ.”

ಅಷ್ಟರಲ್ಲಿ ಗೋಣೆಪ್ಪನೂ ಹಸನಬೀಯೂ ಗೋಡೆಗೆ ಬಂದಿದ್ದರು. ಮೂವರೂ ನೋಡುತ್ತ ನಿಂತರು. ಕಳಕಮ್ಮ ಅವರನ್ನು ಒಬ್ಬೊಬ್ಬರಾಗಿ ದಿಟ್ಟಿಸಿ, ಕೊನೆಗೆ ಕೈ ಹೊರಗೆ ತೆಗೆದಳು. ಕಿರುಬೆರಳ ತುದಿಯಲ್ಲಿ ಕೆಂಪು ಟೊಪ್ಪಿಗೆಯೊಂದು ಕೂತಿತ್ತು, ಅಳತೆ ಕೊಟ್ಟು ಹೊಲಿಸಿದಂತೆ.

ಗೋಣೆಪ್ಪ ಗೋಡೆಯ ಮೇಲೆ ಇನ್ನಷ್ಟು ಬಗ್ಗಿದ.

“ಏನ್ ನೋಡತೀರಿ? ಬೆರಳಿಗೆ ಬರತೈತೋ ಇಲ್ಲೋ ಅಂತ ನೋಡಿದೆ,” ಎಂದು ಕಳಕಮ್ಮ ಬೆರಳನ್ನು ಬಾಯಿಗಿಟ್ಟಳು. ಹೊರಗೆ ತೆಗೆದಾಗ ಬೆರಳು ಬರಿದಾಗಿತ್ತು.

“ಹೋದ ವರ್ಷದ ಕಡ್ಡೀನ ಇದು,” ಎಂದ ರಾಜಾಸಾಬ, ತನಗೇ ಹೇಳಿಕೊಂಡಂತೆ. “ಹಳೇ ಕಡ್ಡಿಗೆ ಹಣ್ಣು ಬರತಾವು. ನಾ ಕೊಯ್ದು ಕೊಟ್ಟೆ. ಮೂರು ವರ್ಷ ನನ್ನ ಹಣ್ಣು ಕಾಮಣ್ಣ ತಿಂದಾನ.”

ಹಸನಬೀ ಗೋಣೆಪ್ಪನ ಕೈಯಿಂದ ಗುದ್ದಲಿ ಇಸಿದುಕೊಂಡು ಒಳಗಿಟ್ಟು ಬಂದಳು. “ಹೀರಿ ಬಳ್ಳಿ ಬಾಗಲ ಕಡೆ ಹಚ್ಚತೀನಿ,” ಎಂದಳು. “ಬರೋ ಹೋಳಿಗೆ ಒನಕಿ ನಾ ಹಿಡೀತೀನಿ.”

ಗೋಣೆಪ್ಪ ಕಟ್ಟೆಗೆ ಹೋಗಿ ಎಲ್ಲ ಹೇಳಿದ. ಅವನು ಬರೀ ನೋಡಿದವನು, ತಿಂದವನಲ್ಲ ಎಂದು ಅಂದಪ್ಪ ತಾನೇ ಎದ್ದು ಕಳಕಮ್ಮನ ಬಾಗಿಲಿಗೆ ಬಂದ.

“ಯವ್ವಾ, ಹಣ್ಣು ತಿಂದೀಯಂತಲ್ಲ. ಹೆಂಗಿತ್ತು?”

“ಹುಳಿ.”

“ಒಳಗ?”

“ಏನೂ ಇರಲಿಲ್ಲ.”

ಅಂದಪ್ಪ ತಲೆದೂಗುತ್ತ ವಾಪಸು ಹೋದ. ಕಳಕಮ್ಮ ಸಿಹಿ ಎಂದಿದ್ದರೆ ಅನುಮಾನಪಡಬಹುದಿತ್ತು.

ಎಂಟು ದಿನದ ಮೇಲೆ ಕಾಲುವೆಗೆ ನೀರು ಬಿಟ್ಟರು. ರಾಜಾಸಾಬ ಒದ್ದೆ ಕಾಲಲ್ಲಿ ಓಡಿ ಬಂದು ಸುದ್ದಿ ಹೇಳಿ, ಕಟ್ಟೆಯ ಪಕ್ಕ ತನ್ನ ಜಾಗದಲ್ಲಿ ನಿಂತ. ಅಂದಪ್ಪ ಗೋಣೆಪ್ಪನ ಮುಖ ನೋಡಲಿಲ್ಲ. ಸಲಿಕೆ ಹೆಗಲಿಗೇರಿಸಿ ಗದ್ದೆಯ ದಾರಿ ಹಿಡಿದ. ಉಳಿದವರೂ ಒಬ್ಬೊಬ್ಬರಾಗಿ ಎದ್ದು ಹಿಂದೆ ಹೋದರು. ಕಟ್ಟೆ ಖಾಲಿಯಾಯಿತು. ರೂಢಿಯಂತೆ ರಾಜಾಸಾಬ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.