ಒಗೆದ ಅಂಗಿ

ತೀರಿಹೋದ ಸಿಪಾಯಿ ಜೀವಮಾನವಿಡೀ ಜೋಪಾನ ಮಾಡಿದ್ದ ಸಮವಸ್ತ್ರ, ಬೂಟು, ಬೆಲ್ಟುಗಳನ್ನು ಕೊಳ್ಳಲು ಬಂದ ಸಂಗ್ರಹಕಾರ ಬಿಳಿ ಕೈಗವಸು ತೊಟ್ಟಿದ್ದ. ಬೆರಳಿಗೆ ಸೂಜಿ ಚುಚ್ಚಿದರೂ ಕೂಗಿ ಊರು ಒಂದು ಮಾಡುವ ಗಿರಾಕಿ ಎಂದು ಸಿಪಾಯಿಯ ಹೆಂಡತಿಗೆ ನೋಡಿದೊಡನೆ ಗೊತ್ತಾಯಿತು. ಗುಂಡು ತೂರಿದ್ದ ಅಂಗಿಯನ್ನು ಬೆಳಕಿಗೆ ಹಿಡಿದು ಅವನು ಮುಖ ಸಿಂಡರಿಸಿದ.

“ಇದನ್ನ ಯಾಕಮ್ಮ ಒಗೆದ್ರಿ? ತೂತಿಗೆ ಬೇರೆ ಹೊಲಿಗೆ ಹಾಕಿದ್ದೀರಿ! ರಕ್ತದ ಕಲೆ ಹಾಗೇ ಇದ್ದಿದ್ರೆ ಜನ ಮುಗಿಬಿದ್ದು ನೋಡೋರು.”

ಆ ಕಲೆ ಬಿಡಿಸಲು ಅವಳು ಮೂರು ದಿನ ತಣ್ಣೀರಿನಲ್ಲಿ ತಿಕ್ಕಿದ್ದಳು. ಗಾಯ ಮಾಯ್ದ ಮೇಲೆ ಗಂಡ ಅದನ್ನೇ ತೊಟ್ಟು ಗಡಿಗೆ ಮರಳಿದ್ದ.

ಅವಳು ಅಂಗಿಯನ್ನು ಕಿತ್ತುಕೊಂಡು ಸಂಗ್ರಹಕಾರನ ಎದೆಗೆ ಅಳತೆ ಹಿಡಿದಳು.

“ನಿಮಗೆ ಸರಿಯಾಗತ್ತೆ, ತಗೊಳ್ಳಿ. ಹೊಲಿಗೆ ಬೇಕಾದ್ರೆ ನಾನೇ ಬಿಚ್ಚಿಕೊಡ್ತೀನಿ. ರಕ್ತ ಮಾತ್ರ ನಿಮ್ಮದೇ ಹಾಕ್ಕೋಬೇಕು.”